ಎಡಗಡೆಗೆ ಕಾರವಾರ

ಚೀಟಿ ಎತ್ತಿದ ದಿನ ಅಪ್ಪನಿಗೆ ಹೇಳಿದೆ:
ಲಕ್ಷದ್ವೀಪ. ದೊಡ್ಡ ಹಡಗು. ಐದು ದಿನ. ಎಲ್ಲರೂ.
ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದವ
ತಲೆ ಎತ್ತಲಿಲ್ಲ.
"ನಲವತ್ತೆರಡು ವರ್ಷ ನೀರ ಮೇಲೇ ಇದ್ದೆ,
ಒಬ್ಬನೂ ಅದನ್ನು ರಜೆ ಅನ್ನಲಿಲ್ಲ.
ಈಗ ದುಡ್ಡು ಕೊಟ್ಟು ಹೋಗಬೇಕೇ?"

ಹಾಗಾಗಿ ನಾವು ಐವರು.
ಬೈತಖೋಲದ ಮನೆ ಬಾಗಿಲಲ್ಲೇ ಸಮುದ್ರವಿದ್ದೂ
ಸಮುದ್ರ ನೋಡಲು ಮಡಗಾಂವಿಗೆ ರೈಲು ಹತ್ತಿದೆವು.
ಆಯಿಯ ಚೀಲದಲ್ಲಿ ಒಣಸೀಗಡಿ ಚಟ್ನಿ.
ಬಂದರಿನ ಪೊಲೀಸ ಡಬ್ಬಿ ತೆರೆದ, ಮೂಸಿದ,
ಮುಖ ಆಚೆ ತಿರುಗಿಸಿ ಒಳಗೆ ಬಿಟ್ಟ.

ಹನ್ನೊಂದು ಮಹಡಿ.
ಹದಿನಾಲ್ಕು ವರ್ಷ ಕಾರವಾರ–ಅಂಕೋಲೆ ಬಸ್ಸಿನಲ್ಲಿ
ಟಿಕೆಟ್ ಕೊಟ್ಟ ಕೈ ನನ್ನದು.
ಯಾರೋ ಅದೇ ಕೈಗೆ ಪಟ್ಟಿ ಕಟ್ಟಿ
"ವೆಲ್‌ಕಮ್ ಮೇಡಂ" ಅಂದಾಗ
ಚಿಲ್ಲರೆಗೆಂದು ಸೊಂಟ ತಡಕಿದೆ.
ನಮ್ಮದು ಅಗ್ಗದ ಕೋಣೆ.
ಓಂಕಾರ ಓಡಿಹೋಗಿ ಪರದೆ ಸರಿಸಿದ:
ಹಿಂದೆ ಗೋಡೆ.

ಉಮಾಕಾಂತರು ದುಡ್ಡು ವಸೂಲಿಗೆ ನಿಂತರು,
ಐಸ್‌ಕ್ರೀಮಿನ ಮೇಲೆ ನೂಡಲ್ಸು, ನೂಡಲ್ಸಿನ ಮೇಲೆ ಜಿಲೇಬಿ.
ಮೀನೂ ಇತ್ತು, ಬಿಳಿ, ಮುಳ್ಳಿಲ್ಲದ್ದು, ಬೆಣ್ಣೆ ಸವರಿದ್ದು.
ಆಯಿ ತಟ್ಟೆಯನ್ನೊಮ್ಮೆ ಬಡಿಸುವವನನ್ನೊಮ್ಮೆ ನೋಡಿ
"ಇದರ ಹೆಸರೇನು ಮಗಾ?"
"ಫಿಶ್, ಅಮ್ಮಾ."
ಐವತ್ತು ಬಗೆಯ ಮೀನನ್ನು ಹೆಸರು ಹಿಡಿದು ಕೂಗಿ ಮಾರಿದವಳು
ಮೊಸರನ್ನ ಉಂಡಳು.

ಹತ್ತನೇ ಮಹಡಿಯಲ್ಲಿ ಹಾಡು, ಬಣ್ಣದ ದೀಪ,
ಸಮುದ್ರದ ಮೇಲೊಂದು ಈಜುಕೊಳ.
ಮಯೂರಿಯನ್ನು ನೀರಿನಿಂದ ಎಳೆದು
ಅಭ್ಯಾಸಬಲದಿಂದ ತಲೆ ಎಣಿಸಿದೆ.
ಒಂದು ಕಡಿಮೆ.

ಸಿಕ್ಕಿದ್ದು ಕೆಳಗಿನ ಡೆಕ್ಕಿನಲ್ಲಿ, ಎಡಗಡೆ ಕಟಾಂಜನಕ್ಕೆ ಒರಗಿ.
ತಲೆಗೆ ಸೆರಗು. ಗಂಟೆ ಎಂಟೂವರೆ.
ದೂರದಲ್ಲಿ, ಕತ್ತಲೆಯ ಅಂಚಿಗೆ ಒಂದು ಬೆಳಕು
ಬಂತು, ಹೋಯಿತು, ಬಂತು.
"ದೇವಗಡದ ದೀಪ" ಅಂದಳು. "ಹಾಗಾದರೆ ಅದು ನಮ್ಮೂರು."
ನಾನು ಬಸ್ಸಿನ ದನಿಯಲ್ಲಿ ಕೂಗಿದೆ,
"ಕಾರವಾರ, ಕಾರವಾರ, ಇಳಿಯೋರು ಮುಂದೆ ಬನ್ನಿ!"
ಆಯಿ ನಗಲಿಲ್ಲ.

"ಮನೆ ಕಾಣೂದಿಲ್ಲ."

ಇಷ್ಟು ದೂರದಿಂದ ಹೇಗೆ ಕಾಣ್ತದೆ ಆಯಿ?

"ಜಗಲಿಯ ಬಲ್ಬು ಬೆಳತನಕ ಉರಿಸಿಡ್ತಿದ್ದೆನಲ್ಲ,
ಮೊದಲು ಲಾಟೀನು, ಆಮೇಲೆ ಬಲ್ಬು.
ಬಿಲ್ಲು ಹೆಚ್ಚು ಬಂದಾಗ ಕೇಳಿದ್ದೆ,
ನಿಮಗೆ ಕಾಣ್ತದಾ, ಇಲ್ಲದಿದ್ದರೆ ಆರಿಸ್ತೆ ಅಂತ.
ಕಾಣ್ತದೆ ಅಂದರು.
ಎಷ್ಟು ದೂರ ಹೋದರೂ ಅದೊಂದು ಕಾಣ್ತದೆ ಅಂದರು."

ದೀಪಸ್ತಂಭ ಇನ್ನೊಮ್ಮೆ ಬಂದು ಹೋಯಿತು.
ಮೇಲಿನಿಂದ ಯಾರೋ ತಂಬೋಲಾದ ಸಂಖ್ಯೆ ಕೂಗುತ್ತಿದ್ದರು.
ನಮ್ಮೂರು ಹಿಂದೆ ಸರಿಯುವವರೆಗೆ
ಆಯಿ ಕಂಬಿ ಬಿಡಲಿಲ್ಲ.

ದ್ವೀಪ ಚೆನ್ನಾಗಿತ್ತು.
ನೀರು ನೀಲಿಯಲ್ಲ, ಹಸಿರೂ ಅಲ್ಲ,
ಹೊಸ ಪ್ಲಾಸ್ಟಿಕ್ ಕೊಡದ ಬಣ್ಣ.
ಗಾಜಿನ ತಳದ ದೋಣಿಯಲ್ಲಿ ಎಲ್ಲರೂ ಬಗ್ಗಿ
ತಿನ್ನಲು ಬಾರದ ಮೀನುಗಳ ಫೋಟೋ ತೆಗೆದರು.
ಆಯಿ ತೆಂಗಿನ ನೆರಳಲ್ಲಿ ಒಬ್ಬ ಹೆಂಗಸಿನೊಡನೆ
ಭಾಷೆ ಗೊತ್ತಿಲ್ಲದೆಯೇ ಚೌಕಾಶಿ ಮಾಡಿ
ಒಣಗಿಸಿದ ಕೇದರ ಎರಡು ತುಂಡು ಕೊಂಡಳು.
ಇಬ್ಬರೂ ಗೆದ್ದವರಂತೆ ನಕ್ಕರು.

ಬೈತಖೋಲದಲ್ಲಿ ಅದೇ ಬಲೆ, ಅದೇ ಜಗಲಿ.
"ಹೇಗಿತ್ತು ನಿಮ್ಮ ತೇಲುವ ಲಾಡ್ಜು?"
"ಊಟ ಸುಮಾರು," ಆಯಿ ಚೀಲ ಇಳಿಸಿದಳು.
"ಮೊದಲ ರಾತ್ರಿ ಇಲ್ಲೇ ಹಾದುಹೋದೆವು.
ನಮ್ಮ ಬಲ್ಬು ಕಂಡಿತು."

ಅಪ್ಪನ ಕೈಯ ಸೂಜಿ ಕಣ್ಣಿನ ನಡುವೆ ನಿಂತಿತು.
ಆಮೇಲೆ, ನಿಧಾನ, ದಾಟಿತು.
"ಹೂಂ. ಕಾಣ್ತದೆ," ಅಂದ.

ಪಕ್ಕದ ಮನೆಯ ಸುಲಭಾ ನನಗೆ ಸಂಜೆ ಹೇಳಿದಳು,
ಹೆಸ್ಕಾಂನವರನ್ನು ಬೈಯುತ್ತ:
ನೀವು ಹೋದ ರಾತ್ರಿ ಏಳರಿಂದ ಹನ್ನೊಂದರ ತನಕ
ಇಡೀ ಕೇರಿಗೆ ಕರೆಂಟಿರಲಿಲ್ಲ.